ಬಿಳಿ ಆಕಾಶದ ಮುಂದೆ ಪುಟ್ಟ ಹಕ್ಕಿ: ಯಾವ ಸೆಟ್ಟಿಂಗ್, ಯಾವ ಉಪಾಯ?

ಎಲೆ ಉದುರಿದ ಕೊಂಬೆಯ ತುದಿಯಲ್ಲಿ ಮುಷ್ಟಿಗಿಂತ ಚಿಕ್ಕ ಹಕ್ಕಿ ಕೂತಿದೆ. ಬೈನಾಕ್ಯುಲರ್‌ನಲ್ಲಿ ನೋಡಿದಾಗ ಹೊಟ್ಟೆಯ ಹಳದಿ, ಕಣ್ಣಿನ ಸುತ್ತಲಿನ ಬಿಳಿ ಉಂಗುರ ಎರಡೂ ಚೆನ್ನಾಗಿ ಕಂಡವು. ಕ್ಯಾಮೆರಾ ಎತ್ತಿ ಹತ್ತು ಫೋಟೊ ಹೊಡೆದಿರಿ. ಸ್ಕ್ರೀನ್ ನೋಡಿದರೆ ಮಂಕು ಬೂದು ಆಕಾಶ, ಅದರ ನಡುವೆ ಒಂದು ಇದ್ದಿಲ ಚೂರು. ಹಳದಿಯೂ ಇಲ್ಲ, ಉಂಗುರವೂ ಇಲ್ಲ.

ಕ್ಯಾಮೆರಾ ಕೆಟ್ಟಿಲ್ಲ. ಅದು ತನಗೆ ಹೇಳಿಕೊಟ್ಟ ಕೆಲಸವನ್ನು ಸರಿಯಾಗೇ ಮಾಡಿದೆ. ತಪ್ಪು ಆಗಿರುವುದು ಏನನ್ನು ನೋಡಿ ಅಳೆಯಬೇಕು ಅನ್ನುವುದರಲ್ಲಿ. ಇದನ್ನು ಸರಿಮಾಡಲು ಒಂದಲ್ಲ, ಏಳೆಂಟು ದಾರಿಗಳಿವೆ. ಪ್ರತಿಯೊಬ್ಬರೂ ತಮ್ಮದೇ ಸರಿ ಅನ್ನುತ್ತಾರೆ. ನಾನು ಎಲ್ಲವನ್ನೂ ಪ್ರಯತ್ನಿಸಿ, ಬೇಕಾದಷ್ಟು ಫೋಟೊ ಹಾಳುಮಾಡಿಕೊಂಡು, ಕೆಲವನ್ನು ಉಳಿಸಿಕೊಂಡಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ.

ಮೀಟರ್ ಯಾಕೆ ಮೋಸ ಹೋಗುತ್ತದೆ

ಕ್ಯಾಮೆರಾದ ಮೀಟರ್, ಅಂದರೆ ಬೆಳಕು ಅಳೆಯುವ ಭಾಗ, ತನ್ನ ಎದುರಿಗೆ ಇರುವುದನ್ನೆಲ್ಲ ಒಂದು ನಡುವಣ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಆಕಾಶ ತೋರಿಸಿದರೆ ಅದನ್ನೂ ಬೂದು ಮಾಡುತ್ತದೆ. ಆಕಾಶ ಬೂದಾದರೆ ಅದರ ಮುಂದಿರುವ ಹಕ್ಕಿ ಕಪ್ಪಾಗಲೇಬೇಕು.

ದೊಡ್ಡ ಹಕ್ಕಿಯಾದರೆ ಫ್ರೇಮಿನ ಅರ್ಧವನ್ನು ಅದೇ ತುಂಬುತ್ತದೆ, ಮೀಟರ್‌ಗೂ ಒಂದಿಷ್ಟು ಸುಳಿವು ಸಿಗುತ್ತದೆ. ಪುಟ್ಟ ಹಕ್ಕಿಯ ಕಷ್ಟವೇ ಬೇರೆ. ಒಂದು ಲೆಕ್ಕ ಹಾಕೋಣ. 14 ಸೆಂ.ಮೀ. ಉದ್ದದ ಹಕ್ಕಿ, 10 ಮೀಟರ್ ದೂರ, 600 ಎಂಎಂ ಲೆನ್ಸ್, ಫುಲ್ ಫ್ರೇಮ್ ಕ್ಯಾಮೆರಾ. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಮೇಲೆ ಹಕ್ಕಿ ಬೀಳುವುದು ಸುಮಾರು 8.4 ಮಿ.ಮೀ. ಉದ್ದಕ್ಕೆ. ಸೆನ್ಸರ್ ಅಗಲ 36 ಮಿ.ಮೀ. ವಿಸ್ತೀರ್ಣದಲ್ಲಿ ಹೇಳಿದರೆ ಹಕ್ಕಿಯ ಪಾಲು ಶೇ. 4ರ ಆಸುಪಾಸು. ಉಳಿದ ಶೇ. 96 ಆಕಾಶ. ಇಷ್ಟು ದೊಡ್ಡ ಲೆನ್ಸ್ ಇದ್ದೂ ಈ ಗತಿ! ಆ ಶೇ. 4ರ ಮಾತನ್ನು ಮೀಟರ್ ಕೇಳಿಸಿಕೊಳ್ಳುವುದು ಕಷ್ಟ, ಅಲ್ವಾ?

ಹಿನ್ನೆಲೆ ಎಷ್ಟು ಬೆಳ್ಳಗಿದೆ?

ಎಲ್ಲ ಬೆಳ್ಳನೆ ಹಿನ್ನೆಲೆಗಳೂ ಒಂದೇ ಅಲ್ಲ. ಇದನ್ನು ಮೊದಲು ನೋಡಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಮೋಡ ಕವಿದ ಬಿಳಿ ಆಕಾಶ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುತ್ತದೆ. ಅದು ಕಣ್ಣಿಗೆ ಮಂಕಾಗಿ ಕಾಣುತ್ತದೆ, ಹಾಗಾಗಿ ನಾವೂ ಮೋಸ ಹೋಗುತ್ತೇವೆ. ನಿಜದಲ್ಲಿ ಬೆಳಕೆಲ್ಲ ಬರುತ್ತಿರುವುದೇ ಆ ಮೋಡದಿಂದ. ಅದು ದೀಪ, ಹಕ್ಕಿ ದೀಪದ ಮುಂದೆ ಕೂತಿದೆ. ಇಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಮೀಟರ್ ಹೇಳಿದ್ದಕ್ಕೆ ನಾವು ಮಾಡುವ ತಿದ್ದುಪಡಿ, +1.3ರಿಂದ +2 ಸ್ಟಾಪ್‌ವರೆಗೆ ಬೇಕಾಗುತ್ತದೆ. ಒಂದು ಸ್ಟಾಪ್ ಮೇಲೆ ಅಂದರೆ ಬೆಳಕು ಎರಡು ಪಟ್ಟು, ಒಂದು ಸ್ಟಾಪ್ ಕೆಳಗೆ ಅಂದರೆ ಅರ್ಧ. ಹಕ್ಕಿ ಕಾಜಾಣದಂಥ ಕಪ್ಪು ಹಕ್ಕಿಯಾದರೆ ಇನ್ನೂ ಸ್ವಲ್ಪ ಮೇಲೆ.

ಸೂರ್ಯ ನಿಮ್ಮ ಬೆನ್ನಿಗಿದ್ದು, ಎದುರಿಗೆ ಕಡು ನೀಲಿ ಆಕಾಶ ಇದ್ದರೆ ಹೆದರುವ ಕಾರಣವೇ ಇಲ್ಲ. ಆ ನೀಲಿ ಹೆಚ್ಚುಕಡಿಮೆ ನಡುವಣ ಬೂದಿಗೆ ಸಮ. 0ಯಿಂದ +0.7 ಸಾಕು. ಹೊಸಬರು ಇಲ್ಲೂ ಆಕಾಶ ಅಂದ ತಕ್ಷಣ +2 ಹಾಕಿಬಿಡುತ್ತಾರೆ, ಬಿಳಿ ಹೊಟ್ಟೆಯ ಹಕ್ಕಿ ಸುಟ್ಟುಹೋಗುತ್ತದೆ, ಅಂದರೆ ಗರಿಯ ವಿವರವೇ ಇಲ್ಲದ ಬರೀ ಬಿಳಿಯಾಗುತ್ತದೆ. ನಾನೂ ಒಂದು ಇಡೀ ಬೆಳಗ್ಗೆ ಹಾಗೆ ಕಳೆದುಕೊಂಡಿದ್ದೇನೆ. ಹಿಂದಿನ ದಿನ ಮೋಡವಿತ್ತು, ಡಯಲ್ +2ರಲ್ಲೇ ಉಳಿದಿತ್ತು.

ಸೂರ್ಯನ ಪಕ್ಕದ ಆಕಾಶ ಇನ್ನೊಂದು ಕಥೆ. ಅಲ್ಲಿ +2.5, +3 ಕೊಟ್ಟರೂ ಹಕ್ಕಿಯ ಬಣ್ಣ ಸರಿಯಾಗಿ ಬರುವುದಿಲ್ಲ, ಲೆನ್ಸಿನೊಳಗೆ ಬೆಳಕು ಚೆಲ್ಲಿ ಫೋಟೊ ಎಲ್ಲ ಮಬ್ಬಾಗುತ್ತದೆ. ಆ ಜಾಗ ಬಿಟ್ಟುಬಿಡಿ. ಬಿಸಿಲು ಬಿದ್ದ ತಿಳಿ ಹುಲ್ಲು, ಎಳೆ ಚಿಗುರು ಹಿನ್ನೆಲೆಯಾಗಿದ್ದರೆ +0.3, +0.7ರಲ್ಲಿ ಕೆಲಸ ಮುಗಿಯುತ್ತದೆ.

ನೀರು ಮತ್ತು ಮರಳು ಬೆಳ್ಳಗಿದ್ದರೂ ಒಂದು ಉಪಕಾರ ಮಾಡುತ್ತವೆ. ಕೆಳಗಿನಿಂದ ಬೆಳಕು ಚಿಮ್ಮಿ ಹಕ್ಕಿಯ ಹೊಟ್ಟೆಗೆ ಬೀಳುತ್ತದೆ. ಅದಕ್ಕೇ ಮರಳಿನ ಮೇಲೆ ಓಡಾಡುವ ಹಕ್ಕಿಯ ನೆರಳಿನ ಭಾಗ, ಮರದ ತುದಿಯ ಹಕ್ಕಿಯಷ್ಟು ಕಪ್ಪಾಗುವುದಿಲ್ಲ.

ಮೂರು ದಾರಿ, ಒಂದು ಬಲೆ

ಈಗ ಮುಖ್ಯ ಪ್ರಶ್ನೆ. ಕ್ಯಾಮೆರಾಕ್ಕೆ ಇದನ್ನೆಲ್ಲ ಹೇಳುವುದು ಹೇಗೆ?

ಮೊದಲ ದಾರಿ, ಇಡೀ ಫ್ರೇಮ್ ನೋಡುವ ಮೀಟರಿಂಗ್ ಇಟ್ಟುಕೊಂಡು ಕಾಂಪೆನ್ಸೇಷನ್ ಡಯಲ್ ತಿರುಗಿಸುವುದು. ಒಂದೊಂದು ಕಂಪನಿ ಈ ಮೀಟರಿಂಗಿಗೆ ಒಂದೊಂದು ಹೆಸರಿಟ್ಟಿದೆ, ಮ್ಯಾಟ್ರಿಕ್ಸ್, ಇವ್ಯಾಲ್ಯುಯೇಟಿವ್, ಮಲ್ಟಿ ಅಂತ. ಕೆಲಸ ಒಂದೇ. ಕಲಿಯಲು ಸುಲಭ, ಬೆರಳಿಗೆ ಬೇಗ ರೂಢಿಯಾಗುತ್ತದೆ. ಹಕ್ಕಿ ಒಂದೇ ಕಡೆ ಕೂತಿದ್ದರೆ ಇದು ಸಾಕು. ತೊಂದರೆ ಬರುವುದು ಹಕ್ಕಿ ಆಕಾಶದ ಕೊಂಬೆಯಿಂದ ಪೊದೆಯ ಕೊಂಬೆಗೆ ಹಾರಿದಾಗ. ಹಕ್ಕಿಯ ಮೇಲಿನ ಬೆಳಕು ಅಷ್ಟೇ ಇರುತ್ತದೆ, ಹಿನ್ನೆಲೆ ಮಾತ್ರ ಬದಲಾಗಿರುತ್ತದೆ. ಆದರೆ ನಿಮ್ಮ +2 ಈಗ ತಪ್ಪು. ಪುಟ್ಟ ಹಕ್ಕಿ ಒಂದು ಕಡೆ ಕೂರುವುದು ಎರಡು ಸೆಕೆಂಡ್, ಅಷ್ಟರಲ್ಲಿ ಡಯಲ್ ತಿರುಗಿಸಲು ಆಗುವುದಿಲ್ಲ.

ಎರಡನೆಯದು ಸ್ಪಾಟ್ ಮೀಟರಿಂಗ್, ಫ್ರೇಮಿನ ಒಂದು ಚಿಕ್ಕ ವೃತ್ತವನ್ನಷ್ಟೇ ಅಳೆಯುವುದು. ‘ಹಕ್ಕಿಯನ್ನು ಮಾತ್ರ ಅಳೆಯಿರಿ, ಆಕಾಶ ಮರೆತುಬಿಡಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಕೇಳಲು ಚೆಂದ. ಪುಟ್ಟ ಹಕ್ಕಿಗೆ ನಾನು ಇದನ್ನು ಒಪ್ಪುವುದಿಲ್ಲ. ಮೇಲಿನ ಲೆಕ್ಕಕ್ಕೇ ವಾಪಸ್ ಬನ್ನಿ. ಸ್ಪಾಟ್ ಫ್ರೇಮಿನ ಶೇ. 1.5 ಅಂತ ಇಟ್ಟುಕೊಂಡರೂ ಅದು ಸೆನ್ಸರ್ ಮೇಲೆ ಸುಮಾರು 4 ಮಿ.ಮೀ. ಅಗಲದ ವೃತ್ತ. ನಮ್ಮ ಹಕ್ಕಿಯ ಮೈ ಎತ್ತರವೂ ಅಷ್ಟೇ. ಅಂದರೆ ವೃತ್ತ ಹಕ್ಕಿಯ ಮೇಲೆ ಸರಿಯಾಗಿ ಕೂತರೆ ಮಾತ್ರ ಲೆಕ್ಕ ಸರಿ. ಕೈ ಒಂದು ಕೂದಲೆಳೆ ಸರಿದರೂ ಆಕಾಶ ಒಳಗೆ ಬಂತು. ಸತತ ಹತ್ತು ಫ್ರೇಮ್ ತೆಗೆದರೆ ಹತ್ತೂ ಬೇರೆ ಬೇರೆ ಬೆಳಕಿನಲ್ಲಿ ಬರುತ್ತವೆ. ಇನ್ನೂ ಒಂದಿದೆ. ಕೆಲವು ಕ್ಯಾಮೆರಾಗಳಲ್ಲಿ ಸ್ಪಾಟ್ ಫೋಕಸ್ ಪಾಯಿಂಟ್ ಜೊತೆಗೇ ಓಡಾಡುತ್ತದೆ, ಕೆಲವದರಲ್ಲಿ ಫ್ರೇಮಿನ ನಡುವೆಯೇ ಕೂತಿರುತ್ತದೆ. ನಿಮ್ಮದು ಎರಡನೆಯ ಜಾತಿಯಾಗಿದ್ದು, ನೀವು ಹಕ್ಕಿಯನ್ನು ಫ್ರೇಮಿನ ಒಂದು ಬದಿಗೆ ಇಟ್ಟರೆ, ಮೀಟರ್ ಸುಮ್ನೆ ಆಕಾಶ ನೋಡುತ್ತಾ ಕೂರುತ್ತದೆ. ಜೊತೆಗೆ ಸ್ಪಾಟ್ ಕೂಡ ಕಂಡದ್ದನ್ನು ಬೂದು ಮಾಡುವ ಮೀಟರೇ. ಕಪ್ಪು ತಲೆಯ ಮೇಲೆ ಇಟ್ಟರೆ ಒಂದು ಉತ್ತರ, ಬಿಳಿ ಎದೆಯ ಮೇಲೆ ಇಟ್ಟರೆ ಇನ್ನೊಂದು.

ಮೂರನೆಯದು ಪೂರ್ತಿ ಮ್ಯಾನುವಲ್. ಶಟರ್ (ಬೆಳಕು ಬೀಳುವ ಹೊತ್ತು), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ, ಎಫ್ ಅಂಕಿ), ಐಎಸ್‌ಒ (ಬಂದ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) ಮೂರನ್ನೂ ನೀವೇ ಕಟ್ಟಿಹಾಕುವುದು. ಹೆಸರು ಕೇಳಿದರೆ ಭಯ, ಬಳಸಿದರೆ ಇದೇ ಆರಾಮ. ಹಕ್ಕಿಯ ಮೇಲೆ ಬೀಳುವ ಬೆಳಕು ಬದಲಾಗದಷ್ಟು ಹೊತ್ತು ಹಿನ್ನೆಲೆ ಏನಾದರೂ ಆಗಲಿ, ನಿಮಗೆ ಸಂಬಂಧವಿಲ್ಲ. ಕವಲುತೋಕೆ ಹಾರುವುದನ್ನು ತೆಗೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಅದು ಮರಗಳ ಮುಂದೆ ಹೊರಟು, ಆಕಾಶಕ್ಕೆ ಏರಿ, ಹೊಳೆಯುವ ನೀರಿಗೆ ಇಳಿದು ಮುಗಿಸುವುದು ಮೂರೇ ಸೆಕೆಂಡಿನಲ್ಲಿ. ಆಟೊದಲ್ಲಿ ಮೂರು ಬೇರೆ ಬೇರೆ ಹಕ್ಕಿಗಳು ಸಿಗುತ್ತವೆ. ಮ್ಯಾನುವಲ್‌ನಲ್ಲಿ ಮೂರೂ ಕಡೆ ಒಂದೇ ಹಕ್ಕಿ.

ಹಾಗಾದರೆ ಆ ಮೂರು ಅಂಕಿ ಎಲ್ಲಿಂದ ತರುವುದು? ಬಿಸಿಲು ಹಕ್ಕಿಯ ಮುಂದಿನಿಂದ ಬೀಳುತ್ತಿದ್ದರೆ ಹಳೆಯ ಸೂತ್ರವೇ ಇದೆ: ಎಫ್/16ರಲ್ಲಿ ಶಟರ್ ಸ್ಪೀಡ್ ಐಎಸ್‌ಒ ಅಂಕಿಯಷ್ಟು, ಅಂದರೆ ಐಎಸ್‌ಒ 400ಕ್ಕೆ 1/400 ಸೆಕೆಂಡ್. ಅದನ್ನು ಹಕ್ಕಿಯ ಲೆಕ್ಕಕ್ಕೆ ತಂದರೆ ಐಎಸ್‌ಒ 400, ಎಫ್/5.6, 1/3200. ಅಲ್ಲಿಂದ ಕಪ್ಪು ಹಕ್ಕಿಗೆ 1 ಸ್ಟಾಪ್ ಮೇಲೆ, ಬಿಳಿ ಹಕ್ಕಿಗೆ 1 ಸ್ಟಾಪ್ ಕೆಳಗೆ.

ಹಕ್ಕಿ ನೆರಳಿನಲ್ಲಿದ್ದರೆ ಈ ಸೂತ್ರ ನಡೆಯದು. ಅಂಗೈ ತೋರಿಸಿ ಅಳೆಯಿರಿ ಅನ್ನುತ್ತಾರೆ. ಉದ್ದನೆಯ ಟೆಲಿ ಲೆನ್ಸ್ ಹಾಕಿದವರಿಗೆ ಗೊತ್ತು, ಕೈ ಲೆನ್ಸಿನ ಹುಡ್ (ಮುಂದೆ ಹಾಕುವ ನೆರಳಿನ ಕೊಳವೆ) ದಾಟಿ ಮುಂದಕ್ಕೆ ಹೋಗುವುದೇ ಇಲ್ಲ. ನಾನು ಮಾಡುವುದು ಬೇರೆ. ಹಕ್ಕಿ ಕೂತ ಮರದ ಕಾಂಡ ಇರುತ್ತದಲ್ಲ, ಅದರ ನಮ್ಮ ಕಡೆಯ ಮುಖಕ್ಕೆ ಬೀಳುವ ಬೆಳಕೇ ಹಕ್ಕಿಯ ನಮ್ಮ ಕಡೆಯ ಮುಖಕ್ಕೂ ಬೀಳುತ್ತಿರುತ್ತದೆ. ಲೆನ್ಸನ್ನು ಕಾಂಡಕ್ಕೆ ಇಳಿಸಿ, ಫ್ರೇಮ್ ತುಂಬ ತೊಗಟೆ ಬರುವಂತೆ ನೋಡಿ, ಮೀಟರ್ ಸೊನ್ನೆಗೆ ತರುತ್ತೇನೆ. ತೊಗಟೆ ಸಾಮಾನ್ಯವಾಗಿ ನಡುವಣ ಬೂದಿಗಿಂತ ಕಪ್ಪು, ಅದಕ್ಕೆ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸುತ್ತೇನೆ. ಆಮೇಲೆ ಹಕ್ಕಿಗೆ ಏರಿಸಿ ಹೊಡೆಯುವುದು. ಮೀಟರ್ ಆಗ ‘ಜಾಸ್ತಿಯಾಯಿತು, ಜಾಸ್ತಿಯಾಯಿತು’ ಅಂತ ಕೂಗುತ್ತಿರುತ್ತದೆ. ಕೂಗಲಿ.

ಬಲೆ ಯಾವುದೆಂದರೆ, ಮ್ಯಾನುವಲ್ ಜೊತೆಗೆ ಆಟೊ ಐಎಸ್‌ಒ. ಡಯಲ್ ಮೇಲೆ ‘ಎಂ’ ಅಂತ ಇರುತ್ತದೆ, ನಾವು ಮ್ಯಾನುವಲ್‌ನಲ್ಲಿದ್ದೇವೆ ಅಂದುಕೊಳ್ಳುತ್ತೇವೆ. ಐಎಸ್‌ಒ ಆಟೊ ಇದ್ದಷ್ಟು ಹೊತ್ತು ಮೀಟರೇ ಯಜಮಾನ. ಆಕಾಶ ಬಂದ ತಕ್ಷಣ ಐಎಸ್‌ಒ ಇಳಿಸಿ ಹಕ್ಕಿಯನ್ನು ಕಪ್ಪು ಮಾಡುತ್ತದೆ. ಕಾಡಿನೊಳಗೆ ಬಿಸಿಲು ನೆರಳು ಕ್ಷಣಕ್ಕೊಮ್ಮೆ ಬದಲಾಗುವಾಗ ಇದು ಒಳ್ಳೆಯ ಏರ್ಪಾಡು, ಅಲ್ಲಿ ಕಾಂಪೆನ್ಸೇಷನ್ ಜೊತೆ ಬಳಸಿ. ಬಯಲಿನ ಆಕಾಶಕ್ಕೆ ಬೇಡ. ಹೊಸ ಕ್ಯಾಮೆರಾಗಳಲ್ಲಿ ಹೈಲೈಟ್ ಕಾಪಾಡುವ ಮೀಟರಿಂಗ್ ಅಂತಲೂ ಒಂದಿದೆ. ಅದು ಅತಿ ಬೆಳ್ಳಗಿನ ಭಾಗ ಸುಡದಂತೆ ನೋಡಿಕೊಳ್ಳುತ್ತದೆ. ನಮ್ಮ ಕೆಲಸಕ್ಕೆ ಅದು ನೇರ ವಿರುದ್ಧ.

ಹಿಸ್ಟೋಗ್ರಾಮ್ ಬಗ್ಗೆ ಒಂದು ಮಾತು. ಫೋಟೊದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಅಂತ ಎಡದಿಂದ ಬಲಕ್ಕೆ ತೋರಿಸುವ ನಕ್ಷೆ ಅದು. ಶೇ. 96 ಆಕಾಶ ಇರುವ ಫ್ರೇಮಿನ ಹಿಸ್ಟೋಗ್ರಾಮ್ ಆಕಾಶದ ಜಾತಕ, ಹಕ್ಕಿಯದಲ್ಲ. ಬಲಗಡೆ ಗೋಡೆಗೆ ಒರಗಿದ ಎತ್ತರದ ಕಂಬ ಕಂಡು ಗಾಬರಿಯಾಗಬೇಡಿ. ಸುಟ್ಟ ಭಾಗ ಮಿನುಗಿಸಿ ತೋರಿಸುವ ಎಚ್ಚರಿಕೆ ಹಾಕಿಕೊಳ್ಳಿ. ಆಕಾಶ ಮಿನುಗಿದರೆ ಮಿನುಗಲಿ, ಹಕ್ಕಿಯ ಎದೆ ಮಿನುಗಿದರೆ ಮಾತ್ರ ಇಳಿಸಿ.

ಈಗಲೇ ಬೆಳಕು ಕೊಡುವುದೋ, ಆಮೇಲೆ ಎತ್ತುವುದೋ?

‘ರಾ ಫೈಲ್ ಇದೆಯಲ್ಲ, ಮನೆಗೆ ಹೋಗಿ ಎತ್ತಿದರಾಯಿತು’ ಅನ್ನುವವರು ತುಂಬ ಜನ. ರಾ ಅಂದರೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ಫೈಲ್, ಎತ್ತುವುದು ಅಂದರೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುವುದು. ಅರ್ಧ ಸತ್ಯ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲ್‌ನಲ್ಲಿ 16,384. ಹಾಗಾಗಿ ಜೆಪೆಗ್ ಮಾತ್ರ ತೆಗೆಯುವವರು ಸ್ಥಳದಲ್ಲೇ ಸರಿಮಾಡಿಕೊಳ್ಳಬೇಕು. ಕಪ್ಪಾದ ಹಕ್ಕಿಯನ್ನು ಎತ್ತಿದರೆ ಹೊಟ್ಟೆಯ ಗರಿಗಳು ಮಣ್ಣು ಮೆತ್ತಿದಂತೆ ಬರುತ್ತವೆ.

ರಾ ಇದ್ದರೂ ಬೆಳಕು ಹುಟ್ಟುವುದಿಲ್ಲ. 3 ಸ್ಟಾಪ್ ಕಡಿಮೆ ಅಂದರೆ ಬೇಕಾದ್ದರಲ್ಲಿ ಎಂಟನೇ ಒಂದು ಪಾಲು ಬೆಳಕು ಬಂದಿದೆ ಅಂತ. ಕಡಿಮೆ ಐಎಸ್‌ಒದಲ್ಲಿ 1, 2 ಸ್ಟಾಪ್ ಎತ್ತಿದರೆ ಈಗಿನ ಸೆನ್ಸರ್‌ಗಳು ತಡೆದುಕೊಳ್ಳುತ್ತವೆ. ಐಎಸ್‌ಒ 1600 ದಾಟಿದ ಮೇಲೆ ಕಾಳು ಕಾಳು ಎದ್ದುಕಾಣುತ್ತದೆ. ಇನ್ನೊಂದು ಕಡೆ, ಪೂರ್ತಿ ಸುಟ್ಟ ಬಿಳಿ ಗರಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ. ನನ್ನ ಲೆಕ್ಕ ಹೀಗೆ: ಬಣ್ಣದ ಹಕ್ಕಿ, ಕಪ್ಪು ಹಕ್ಕಿಗೆ ಧಾರಾಳವಾಗಿ ಬೆಳಕು ಕೊಡುವುದು. ಬಿಳಿ ಹಕ್ಕಿಗೆ ಅರ್ಧ ಸ್ಟಾಪ್ ಕಮ್ಮಿ ಇಟ್ಟು ಆಮೇಲೆ ಎತ್ತುವುದು.

ಆ ಬೆಳಕನ್ನು ಎಲ್ಲಿಂದ ತರುವುದು ಅನ್ನುವುದನ್ನು ಜನ ಯೋಚಿಸುವುದೇ ಇಲ್ಲ. ಐಎಸ್‌ಒ ಏರಿಸಿದರೆ ಫೋಟೊ ಬೆಳ್ಳಗಾಗುತ್ತದೆ, ಸೆನ್ಸರ್‌ಗೆ ಬೆಳಕು ಜಾಸ್ತಿ ಬರುವುದಿಲ್ಲ. ಕೂತ ಹಕ್ಕಿಗೆ 1/2000 ಯಾಕೆ? 1/500ಕ್ಕೆ ಇಳಿದರೆ ನಿಜವಾದ 2 ಸ್ಟಾಪ್ ಬೆಳಕು ಸಿಕ್ಕಿತು. ಹಕ್ಕಿ ತಲೆ ತಿರುಗಿಸುತ್ತಲೇ ಇರುತ್ತದೆ, ನಿಜ. ಆದರೆ ಪ್ರತಿ ತಿರುವಿನ ನಡುವೆ ಒಂದು ಕ್ಷಣ ನಿಲ್ಲುತ್ತದೆ. ಸತತವಾಗಿ ಎಂಟು ಹತ್ತು ಹೊಡೆದರೆ ಎರಡು ಮೂರು ಚೂಪಾಗಿ ಬಂದಿರುತ್ತವೆ. ಹಾರುವ ಹಕ್ಕಿಗೆ ಈ ಉಪಾಯ ಇಲ್ಲ, ಅಲ್ಲಿ 1/2500ರ ಕೆಳಗೆ ಇಳಿಯಬೇಡಿ.

ಫ್ಲ್ಯಾಶ್

ಬೇಗ ಮುಗಿಸುತ್ತೇನೆ, ಯಾಕೆಂದರೆ ನಾನು ಬಿಟ್ಟಿದ್ದೇನೆ. ಹಗಲಲ್ಲಿ -1.5, -2ಕ್ಕೆ ಇಳಿಸಿ ಸಣ್ಣಗೆ ಕೊಟ್ಟರೆ ನೆರಳು ತುಂಬುತ್ತದೆ, ಕಣ್ಣಲ್ಲಿ ಒಂದು ಹೊಳಪು ಬರುತ್ತದೆ. ಆದರೆ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ. 10 ಮೀಟರ್‌ಗೆ ಮುಟ್ಟಿಸಲು ಫ್ಲ್ಯಾಶ್ ಮುಂದೆ ಬೆಳಕು ಕೂಡಿಸುವ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ಆ ಹಾಳೆ ಭೂತಗನ್ನಡಿಯ ಹಾಗೆ. ಸೂರ್ಯನ ಕಡೆ ತಿರುಗಿಸಿಟ್ಟು ಮರೆತರೆ ಫ್ಲ್ಯಾಶ್ ತಲೆಯನ್ನೇ ಸುಡುತ್ತದೆ. ಸಾಮಾನ್ಯ ಸಿಂಕ್ (ಫ್ಲ್ಯಾಶ್ ಜೊತೆ ಹೊಂದುವ ಶಟರ್ ವೇಗ) 1/200, 1/250ಕ್ಕೆ ನಿಲ್ಲುತ್ತದೆ. ಅದಕ್ಕಿಂತ ವೇಗಕ್ಕೆ ಹೋದರೆ ಫ್ಲ್ಯಾಶ್‌ನ ಬಲ ಕುಗ್ಗುತ್ತದೆ. ಗೂಡಿನ ಹತ್ತಿರವಂತೂ ಫ್ಲ್ಯಾಶ್ ತೆಗೆಯಲೇಬೇಡಿ.

ಡಯಲ್ ಬಿಟ್ಟು ಕಾಲು

ಇದನ್ನು ಮೊದಲೇ ಹೇಳಬೇಕಿತ್ತು. ಮೇಲಿನ ಎಲ್ಲ ಸರ್ಕಸ್ಸಿಗಿಂತ ಎರಡು ಹೆಜ್ಜೆ ಪಕ್ಕಕ್ಕೆ ಇಡುವುದು ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತದೆ.

ನೆಲದ ಮೇಲೆ ನಿಮ್ಮ ನೆರಳು ನೋಡಿ. ಅದು ಹಕ್ಕಿಯ ಕಡೆ ಚಾಚಿದ್ದರೆ ಬೆಳಕು ಸರಿಯಾಗಿದೆ. ನೆರಳು ನಿಮ್ಮ ಹಿಂದಕ್ಕೆ ಬಿದ್ದಿದ್ದರೆ ಸುತ್ತು ಹಾಕಿ ಆ ಕಡೆ ಹೋಗುವುದೋ, ಬೆಳಗ್ಗೆಯ ಜಾಗಕ್ಕೆ ಸಂಜೆ ಬರುವುದೋ, ಎರಡರಲ್ಲಿ ಒಂದು.

ಎತ್ತರದ ಕೊಂಬೆಯ ಹಕ್ಕಿಗೆ ನಾವೆಲ್ಲ ಮಾಡುವ ತಪ್ಪು ಹತ್ತಿರ ಹೋಗುವುದು. 8 ಮೀಟರ್ ಎತ್ತರದ ಹಕ್ಕಿಯನ್ನು 8 ಮೀಟರ್ ದೂರದಿಂದ ನೋಡಿದರೆ, ನಮ್ಮ ಕಣ್ಣಿನ ಎತ್ತರ ಒಂದೂವರೆ ಮೀಟರ್ ಕಳೆದು, ಕತ್ತು ಸುಮಾರು 39 ಡಿಗ್ರಿ ಎತ್ತಬೇಕು, ಹಿಂದೆ ಇರುವುದು ಬರೀ ಆಕಾಶ. 25 ಮೀಟರ್ ದೂರಕ್ಕೆ ಹಿಂದೆ ಸರಿದರೆ ಅದೇ ಕೋನ 15 ಡಿಗ್ರಿಗೆ ಬರುತ್ತದೆ. ಈಗ ಹಿಂದೆ ಗುಡ್ಡದ ಇಳಿಜಾರೋ, ಎತ್ತರದ ಮರಗಳ ಸಾಲೋ ಸಿಗಬಹುದು. ಹಕ್ಕಿ ಚಿಕ್ಕದಾಗುತ್ತದೆ, ಅದು ತೆರಬೇಕಾದ ಬೆಲೆ. ಚಿಕ್ಕದಾದರೂ ಬಣ್ಣ ಇರುವ ಹಕ್ಕಿ, ದೊಡ್ಡದಾದ ಇದ್ದಿಲಿಗಿಂತ ವಾಸಿ. ಪಕ್ಕದಲ್ಲಿ ದಿಬ್ಬವಿದ್ದರೆ ಹತ್ತಿ ನಿಲ್ಲಿ, ಎರಡೂ ಲಾಭ.

ನೀರಿನ ಅಂಚಿನಲ್ಲಿ ಇದು ತಿರುಗುಮುರುಗು. ನಿಂತು ನೋಡಿದರೆ ನೀರು ಮೇಲಿನ ಆಕಾಶವನ್ನು ತೋರಿಸುತ್ತದೆ. ಕುಕ್ಕರುಗಾಲಲ್ಲಿ ಕೂತರೆ ಅದೇ ನೀರು ಆಚೆ ದಡವನ್ನು ತೋರಿಸುತ್ತದೆ. ಆಚೆ ದಡದಲ್ಲಿ ಮರಗಳಿದ್ದರೆ ಕಣ್ಣು ಕುಕ್ಕುತ್ತಿದ್ದ ಹಿನ್ನೆಲೆ ಒಂದೇ ಸಲಕ್ಕೆ ಕಡು ಹಸಿರಾಗುತ್ತದೆ. ಹಕ್ಕಿ ಕತ್ತು ಚಾಚಿ ನಿಮ್ಮನ್ನೇ ನೋಡತೊಡಗಿದರೆ ಹೆಜ್ಜೆ ನಿಲ್ಲಿಸಿ, ಅದು ಹೊರಡುವ ಯೋಚನೆಯಲ್ಲಿದೆ.

ಆಕಾಶವನ್ನೇ ಒಪ್ಪಿಕೊಂಡರೆ

ಜಾಗ ಬದಲಿಸಲು ಆಗದಿದ್ದಾಗ ಜಗಳ ಬಿಟ್ಟು ಒಪ್ಪಂದಕ್ಕೆ ಬರಬಹುದು. ಎರಡು ಬಗೆಯ ಒಪ್ಪಂದಗಳಿವೆ.

ಒಂದು, ಆಕಾಶವನ್ನು ಪೂರ್ತಿ ಬಿಳಿಯಾಗಲು ಬಿಡುವುದು. ಮೋಡದ ದಿನ, ತೆಳ್ಳಗಿನ ಬೋಳು ಕೊಂಬೆ, ಅದರ ಮೇಲೊಂದು ಬಣ್ಣದ ಹಕ್ಕಿ. ಕಾಗದದ ಮೇಲೆ ಬಿಡಿಸಿದ ಹಾಗೆ ಬರುತ್ತದೆ. ಇಲ್ಲಿ ಅರೆಮನಸ್ಸು ಕೂಡದು. ಆಕಾಶ ಅಪ್ಪಟ ಬಿಳಿಯಾಗಬೇಕು. ಒಗೆಯದ ಬಟ್ಟೆಯಂಥ ಬೂದುಬಿಳಿಯಲ್ಲಿ ನಿಂತರೆ ತಪ್ಪಾಗಿ ತೆಗೆದ ಹಾಗೆ ಕಾಣುತ್ತದೆ. ಬಿಳಿ ಹೊಟ್ಟೆಯ ಹಕ್ಕಿಗೆ ಇದನ್ನು ಮಾಡಬೇಡಿ, ಹೊಟ್ಟೆಯೇ ಆಕಾಶದಲ್ಲಿ ಕರಗಿಹೋಗುತ್ತದೆ. ಇನ್ನೊಂದು ಕಿರಿಕಿರಿ, ಕೊಂಬೆಯ ಅಂಚಿಗೆ ನೇರಳೆ ಅಥವಾ ಹಸಿರು ಗೆರೆ ಬರುವುದು. ಅದು ಲೆನ್ಸಿನ ದೋಷ, ರಾ ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದು. ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡಿ, ಹುಡ್ ಹಾಕಿ.

ಎರಡು, ಹಕ್ಕಿಯನ್ನೇ ಕಪ್ಪಾಗಲು ಬಿಡುವುದು, ಅಂದರೆ ಸಿಲೂಯೆಟ್. ಆಕಾಶಕ್ಕೆ ಬಣ್ಣವಿರುವ ಹೊತ್ತಿಗೆ ಮಾತ್ರ. ಕಾಂಪೆನ್ಸೇಷನ್ -1 ಇಟ್ಟರೆ ಸಾಕು. ಮಧ್ಯಾಹ್ನದ ಬಿಳಿ ಆಕಾಶದ ಮುಂದೆ ಸಿಲೂಯೆಟ್ ಅಂದರೆ ಅದು ತಪ್ಪಿಗೆ ಇಟ್ಟ ದೊಡ್ಡ ಹೆಸರು. ಆಕಾರ ಇರುವ ಹಕ್ಕಿ ಬೇಕು: ಬಾಗಿದ ಕೊಕ್ಕಿನ ಸೂರಕ್ಕಿ, ಉದ್ದ ಕೊಕ್ಕಿನ ಮಿಂಚುಳ್ಳಿ, ಕವಲುಬಾಲದ ಕಾಜಾಣ. ಹಕ್ಕಿ ಪಕ್ಕಕ್ಕೆ ಮುಖ ಮಾಡಿರಬೇಕು. ಕೊಕ್ಕಿಗೂ ಕೊಂಬೆಗೂ ನಡುವೆ ಆಕಾಶ ಕಾಣಬೇಕು. ನಮ್ಮ ಕಡೆ ನೇರವಾಗಿ ನೋಡುವ ಗುಬ್ಬಚ್ಚಿಯ ಸಿಲೂಯೆಟ್ ಕೊಂಬೆಗೆ ಅಂಟಿದ ಉಂಡೆ, ಅಷ್ಟೇ.

ಎರಡರ ನಡುವೆ ಒಂದು ಅದೃಷ್ಟದ ಫೋಟೊ ಇದೆ. ಹಿಂದಿನಿಂದ ಬಿಸಿಲು ಬಿದ್ದಾಗ ಹಕ್ಕಿ ಮೈಮುರಿದು ರೆಕ್ಕೆ ಬಿಚ್ಚುತ್ತದೆ. ಆ ಕ್ಷಣಕ್ಕೆ ರೆಕ್ಕೆಯ ಗರಿಗಳ ಮೂಲಕ ಬೆಳಕು ಹಾದು, ಒಂದೊಂದು ಗರಿಯ ನಡುದಂಟೂ ಎಣಿಸುವಷ್ಟು ಸ್ಪಷ್ಟವಾಗುತ್ತದೆ. ಇದಕ್ಕೆ ಕಾಯಬೇಕು.

ಫೋಕಸ್ ಯಾವುದಕ್ಕೆ?

ಹಕ್ಕಿಯ ಕಣ್ಣು ಹುಡುಕುವ ಫೋಕಸ್ ಈಗ ಎಷ್ಟೋ ಕ್ಯಾಮೆರಾಗಳಲ್ಲಿದೆ, ಬೆಳಕು ಮುಂದಿನಿಂದ ಬಿದ್ದಾಗ ಅದಕ್ಕಿಂತ ಸುಖ ಇನ್ನೊಂದಿಲ್ಲ. ಬೆಳ್ಳನೆ ಹಿನ್ನೆಲೆಯಲ್ಲಿ ಮುಖ ಕಪ್ಪಾದಾಗ ಅದಕ್ಕೆ ಕಣ್ಣೇ ಸಿಗುವುದಿಲ್ಲ, ಫೋಕಸ್ ತೋರಿಸುವ ಪೆಟ್ಟಿಗೆ ಕೊಂಬೆಯಿಂದ ಕೊಂಬೆಗೆ ಕುಣಿಯುತ್ತದೆ. ಆಗ ಚಿಕ್ಕ ಸಿಂಗಲ್ ಪಾಯಿಂಟ್‌ಗೆ ಬದಲಿಸುವುದು ವಾಸಿ. ಕಪ್ಪಾದ ಎದೆಯ ನಡುವೆ ಇಟ್ಟರೆ ಫೋಕಸ್‌ಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಾನು ಕಾಲಿನ ಹತ್ತಿರ, ಬೆರಳು ಕೊಂಬೆಯನ್ನು ಹಿಡಿದ ಜಾಗಕ್ಕೆ ಇಡುತ್ತೇನೆ. ಅಲ್ಲಿ ಕಪ್ಪು ಬಿಳುಪಿನ ಗೆರೆ ಚೂಪಾಗಿರುತ್ತದೆ. 600 ಎಂಎಂ, ಎಫ್/6.3, 10 ಮೀಟರ್‌ನಲ್ಲಿ ಮುಂದೆ ಹಿಂದೆ ಸೇರಿ ಸುಮಾರು 10 ಸೆಂ.ಮೀ. ಚೂಪಾಗಿರುತ್ತದೆ. ಹಕ್ಕಿ ಪಕ್ಕಕ್ಕೆ ತಿರುಗಿ ಕೂತಿದ್ದರೆ ಕಾಲಿಗೆ ಇಟ್ಟ ಫೋಕಸ್ ಕಣ್ಣಿಗೂ ಸಾಕಾಗುತ್ತದೆ. ನಿಮ್ಮ ಕಡೆ ಬಾಗಿದ್ದರೆ ಸಾಕಾಗದು. ಆಗ ಪಾಯಿಂಟನ್ನು ಕೊಕ್ಕಿನ ಬುಡದ ಅಂಚಿಗೆ ಸರಿಸಿ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇದ್ದವರಿಗೆ ವ್ಯೂಫೈಂಡರ್‌ನಲ್ಲೇ ಹಕ್ಕಿ ಕಪ್ಪಾಗಿದ್ದು ಗೊತ್ತಾಗುತ್ತದೆ. ಡಿಎಸ್‌ಎಲ್‌ಆರ್‌ನ ಗಾಜಿನಲ್ಲಿ ಗೊತ್ತಾಗುವುದಿಲ್ಲ, ಕಣ್ಣು ತಾನೇ ಹೊಂದಿಕೊಂಡು ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಹಾಗಾಗಿ ಮೊದಲ ಎರಡು ಫ್ರೇಮ್ ಹೊಡೆದ ತಕ್ಷಣ ಟೋಪಿ ಅಡ್ಡ ಹಿಡಿದು, ಸ್ಕ್ರೀನ್‌ನಲ್ಲಿ ಕಣ್ಣಿನವರೆಗೆ ಹಿಗ್ಗಿಸಿ ನೋಡಿ. ಆ ಬಿಳಿ ಉಂಗುರ ಕಂಡಿತಾ? ಕಂಡರೆ ಡಯಲ್ ಮುಟ್ಟಬೇಡಿ, ಹೊಡೆಯುತ್ತಾ ಹೋಗಿ.